ಲಸಿಕೆ ಕೊಡದೆ ಸರ್ಟಿಫಿಕೇಟ್ ಕೇಳಿದರೆ ಹೇಗೆ? ಕಾಸರಗೋಡು ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಪೆರ್ಲದ ಹತ್ತಿರದ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಮುಂಗಾರು ಅಧಿವೇಶನ ಮುಗಿಯಲು ಇನ್ನು ಕೆಲವೇ ದಿನ ಇದೆ. ಅದಕ್ಕೇ ಈ ಅವಸರ.

2021ರ ಈ ಆಗಸ್ಟ್‌ನಲ್ಲಿ ನಮ್ಮ ಪಾಡು ಹೀಗಿದೆ. ಅಂಗಡಿಗೆ ಹೋಗಬೇಕಾದರೆ ಕೊರೊನಾ ಲಸಿಕೆಯ ಒಂದು ಡೋಸ್ ಆದರೂ ಆಗಿರಬೇಕು, ಇಲ್ಲವೇ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಟೆಸ್ಟಿನ ನೆಗೆಟಿವ್ ರಿಪೋರ್ಟ್ ಬೇಕು, ಅದೂ ಇಲ್ಲದಿದ್ದರೆ ಕೊರೊನಾ ಬಂದು ಹೋಗಿ ತಿಂಗಳಾಗಿರಬೇಕು. ಇದು ಕೇರಳ ಸರ್ಕಾರದ ಆದೇಶ. ಇನ್ನು ಗಡಿಯ ಕಥೆ. ಮೊನ್ನೆಮೊನ್ನೆಯವರೆಗೆ ಒಂದು ಡೋಸಿನ ಸರ್ಟಿಫಿಕೇಟ್ ತೋರಿಸಿದರೆ ಕರ್ನಾಟಕದೊಳಗೆ ಬಿಡುತ್ತಿದ್ದರು. ಜುಲೈ ಕೊನೆಗೆ ಅದನ್ನೂ ಬದಲಾಯಿಸಿದರು. ಈಗ ಎರಡು ಡೋಸ್ ಆದವರಿಗೂ ಟೆಸ್ಟ್ ಕಡ್ಡಾಯ. ಮಂಗಳೂರಿನ ಕಾಲೇಜಿಗೆ ಹೋಗುವ ಮಕ್ಕಳು, ಅಲ್ಲೇ ಕೆಲಸ ಮಾಡುವವರು, ಡಯಾಲಿಸಿಸ್‌ಗೆ ಹೋಗುವವರು ಮತ್ತೆ ಮತ್ತೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕಾ?

ನಮಗೆ ಮಂಗಳೂರು ಬಿಟ್ಟರೆ ಗತಿಯಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು. ಇವತ್ತಿಗೂ ಹೃದಯದ ತೊಂದರೆ ಅಂದರೆ ಆ್ಯಂಬುಲೆನ್ಸ್ ತಿರುಗುವುದು ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಕಡೆಗೇ. 2020ರ ಮಾರ್ಚ್‌ನಲ್ಲಿ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಆಸ್ಪತ್ರೆ ತಲುಪಲಾಗದೆ ಜನ ಸತ್ತರು. ಆ ಭಯ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಹೀಗೆ ಎಲ್ಲ ಕಡೆಯೂ ಕಾಗದ ಕೇಳುತ್ತಾರೆ. ಲಸಿಕೆ ಎಲ್ಲಿದೆ?

ನಮ್ಮ ನೆರೆಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಕನ್ನಡ ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಅವರ ಮನೆ ಇರುವುದು ಅಡಿಕೆ ತೋಟದ ತಗ್ಗಿನಲ್ಲಿ. ಅಲ್ಲಿ ರೇಂಜ್ ಇಲ್ಲ. ಲಸಿಕೆ ಬುಕ್ ಮಾಡುವ ಕೋವಿನ್ ವೆಬ್‌ಸೈಟಿನಲ್ಲಿ ಸ್ಲಾಟ್ ಬಿಡುವ ಹೊತ್ತಿಗೆ ಮಳೆಯಲ್ಲೇ ಕೊಡೆ ಹಿಡಿದು ಗುಡ್ಡೆ ಹತ್ತಬೇಕು. ಒಟಿಪಿ ಬರಬೇಕು, ಬಂದರೆ ಮೂರು ನಿಮಿಷದೊಳಗೆ ಹಾಕಬೇಕು. ಆಮೇಲೆ ಕ್ಯಾಪ್ಚಾ. ಸೊಟ್ಟಂಬಟ್ಟ ಇಂಗ್ಲಿಷ್ ಅಕ್ಷರಗಳನ್ನು ಅವರು ಹೇಗೆ ಓದಬೇಕು? ಶಾಲೆಗೆ ಹೋಗುವ ಹುಡುಗನೊಬ್ಬ ಓದಿ ಹೇಳುತ್ತಾನೆ. ಅಷ್ಟು ಹೊತ್ತಿಗೆ ಪರದೆ ತುಂಬ ಕೆಂಪು ಬಣ್ಣದಲ್ಲಿ 'ಬುಕ್ಡ್' ಅಂತ ಬಂದಿರುತ್ತದೆ. ನಮ್ಮ ಪಂಚಾಯತಿನ ಕೇಂದ್ರಕ್ಕೆ ದೂರದ ಪೇಟೆಯವರು ಕಾರಿನಲ್ಲಿ ಬಂದು ಚುಚ್ಚಿಸಿಕೊಂಡು ಹೋಗುತ್ತಾರೆ. ಅವರದ್ದೇನೂ ತಪ್ಪಿಲ್ಲ, ಯಾರು ಎಲ್ಲಿ ಬೇಕಾದರೂ ಬುಕ್ ಮಾಡಬಹುದು ಅಂತ ನಿಯಮ ಮಾಡಿದವರು ಯೋಚಿಸಬೇಕಿತ್ತು. ಕೋವಿನ್ ಕನ್ನಡದಲ್ಲಿ ಸಿಕ್ಕಿದ್ದೇ ಜೂನ್‌ನಲ್ಲಿ. ಲಸಿಕೆ ಶುರುವಾದದ್ದು ಜನವರಿ 16ಕ್ಕೆ!

ಲಸಿಕೆ ಕೊಡುವ ಸಿಸ್ಟರ್‌ಗಳ ಮೇಲೆ, ಆಶಾ ಕಾರ್ಯಕರ್ತೆಯರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಮೇ ಮೊದಲ ವಾರದ ಲೆಕ್ಕ ನೋಡಿ. ಕೇರಳಕ್ಕೆ ಬಂದದ್ದು 73,38,806 ಡೋಸ್, ಕೊಟ್ಟದ್ದು 74,26,164. ಸೀಸೆಯಲ್ಲಿ ಹೆಚ್ಚುವರಿಯಾಗಿ ಉಳಿಯುವ ಹನಿಯನ್ನೂ ಬಿಡದೆ ಇನ್ನೊಬ್ಬರಿಗೆ ಕೊಟ್ಟವರು ಅವರು. ಇಷ್ಟು ಜೋಪಾನ ಮಾಡುವವರ ಕೈಗೆ ಸ್ಟಾಕೇ ಬರದಿದ್ದರೆ ಅವರೇನು ಮಾಡಿಯಾರು? 'ಇವತ್ತು ಇಲ್ಲ' ಅಂತ ಬೋರ್ಡ್ ಹಾಕಿ, ಜನರ ಬೈಗುಳವನ್ನೂ ಅವರೇ ಕೇಳಬೇಕು.

ಲಸಿಕೆಯನ್ನು ಹೊರದೇಶಕ್ಕೆ ಕಳಿಸಿದ್ದರಿಂದಲೇ ನಮಗೆ ಕಮ್ಮಿಯಾಯಿತು ಅಂತ ಜಾಸ್ತಿ ಜನ ಹೇಳುತ್ತಾರೆ. ಸುಮಾರು 6.6 ಕೋಟಿ ಡೋಸ್ ಹೋಗಿದೆ ನಿಜ. ಆದರೆ ಅದರಲ್ಲಿ ನಾವು ದಾನವಾಗಿ ಕೊಟ್ಟದ್ದು ಒಂದು ಕೋಟಿ ಚಿಲ್ಲರೆ. ಉಳಿದದ್ದು ಕಂಪನಿ ಮಾರಿದ್ದು ಮತ್ತು ಬಡ ದೇಶಗಳಿಗಾಗಿ ಇರುವ ಕೋವ್ಯಾಕ್ಸ್‌ಗೆ ಹೋದದ್ದು. ಕೊಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹಣ ಕೊಟ್ಟೂ ಅರ್ಧ ಮಾತ್ರ ಸಿಕ್ಕಿ, ಎರಡನೇ ಡೋಸ್‌ಗೆ ಕಾದು ಕೂತ ನೇಪಾಳದ ಮುದುಕರೂ ನಮ್ಮ ಅಕ್ಕನ ಹಾಗೆಯೇ ಅಲ್ವಾ? ನನ್ನ ಸಿಟ್ಟು ಬೇರೆ ಕಡೆ ಇದೆ. ಜನವರಿಯಲ್ಲಿ ಕೇಂದ್ರ ಕೊಟ್ಟ ಮೊದಲ ಆರ್ಡರ್ 1.1 ಕೋಟಿ ಕೋವಿಶೀಲ್ಡ್, 55 ಲಕ್ಷ ಕೋವ್ಯಾಕ್ಸಿನ್. 130 ಕೋಟಿ ದಾಟಿದ ದೇಶಕ್ಕೆ ಅಷ್ಟೇ! ಎರಡನೇ ಅಲೆ ಬಂದು ಉಸಿರು ಕಟ್ಟಿದ ಮೇಲೆ, ಏಪ್ರಿಲ್ ಕೊನೆಗೆ, 16 ಕೋಟಿ ಡೋಸ್‌ಗೆ ಮುಂಗಡ ಕೊಟ್ಟರು. ಅಮೆರಿಕ ಕಚ್ಚಾವಸ್ತು ತಡೆದದ್ದೂ ಒಂದು ಕಾರಣ ಇರಬಹುದು. ಆದರೂ ಮೊದಲೇ ಹಣ ಕೊಟ್ಟು ಕಾದಿರಿಸಿದ್ದರೆ ಈ ಪರದಾಟ ಇಷ್ಟು ಇರುತ್ತಿರಲಿಲ್ಲ.

ಆಮೇಲೂ ಲೆಕ್ಕ ನಿಲ್ಲಲಿಲ್ಲ. ಕೇಂದ್ರದವರು ಮೇ ತಿಂಗಳಲ್ಲಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ 216 ಕೋಟಿ ಡೋಸ್ ಬರುತ್ತದೆ ಅಂದರು. ಜೂನ್‌ನಲ್ಲಿ ಸುಪ್ರೀಂ ಕೋರ್ಟಿಗೆ 135 ಕೋಟಿ ಅಂದರು. ಕೋವಿಶೀಲ್ಡಿನ ಎರಡು ಡೋಸ್‌ಗಳ ನಡುವಿನ ಅಂತರ ನಾಲ್ಕು ವಾರದಿಂದ ಶುರುವಾಗಿ 12ರಿಂದ 16 ವಾರಕ್ಕೆ ಏರಿತು. ಅದಕ್ಕೆ ವೈಜ್ಞಾನಿಕ ಕಾರಣ ಇರಬಹುದು. ಆದರೆ ಸ್ಟಾಕ್ ಇಲ್ಲದ ಹೊತ್ತಿನಲ್ಲೇ ಹೇಳಿದರೆ ಜನ ನಂಬುವುದು ಕಷ್ಟ.

ಗಲ್ಫ್‌ನಲ್ಲಿ ದುಡಿಯುವ ನಮ್ಮ ಹುಡುಗರ ವಿಷಯವನ್ನೂ ಹೇಳಲೇಬೇಕು. ರಜೆಗೆ ಬಂದವರು ಸಿಕ್ಕಿದ್ದನ್ನು ಚುಚ್ಚಿಸಿಕೊಂಡರು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಈಗ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗೆ ಕಾಯುತ್ತಾ ಮನೆಯಲ್ಲೇ ಕೂತಿದ್ದಾರೆ. ವೀಸಾ ಅವಧಿ ಯಾರಿಗೂ ಕಾಯುವುದಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಯಾವ ತಿಂಗಳು ಎಷ್ಟು ಆರ್ಡರ್ ಕೊಟ್ಟರು, ಎಷ್ಟು ಬಂತು, ಕಾಸರಗೋಡಿಗೆ ಎಷ್ಟು ಅಂತ ಲೋಕಸಭೆಯಲ್ಲಿ ಕೇಳಿ, ಉತ್ತರ ನಮಗೂ ತಿಳಿಸಿ. ಮಂಜೇಶ್ವರ, ಕಾಸರಗೋಡು ತಾಲೂಕಿನ ಪ್ರತಿ ಪಂಚಾಯತಿಗೆ ಬರುವ ಡೋಸ್‌ನಲ್ಲಿ ಅರ್ಧವನ್ನಾದರೂ ಫೋನಿಲ್ಲದೆ ನೇರ ಬರುವ ಸ್ಥಳೀಯರಿಗೆ, ವಾರ್ಡ್ ಲೆಕ್ಕದಲ್ಲಿ ಇಡಿಸಿ. ಯಾವ ದಿನ ಎಷ್ಟು ಡೋಸ್ ಅನ್ನುವ ಚೀಟಿ ಹಿಂದಿನ ದಿನವೇ ಕನ್ನಡದಲ್ಲೂ ಪಂಚಾಯತ್ ಆಫೀಸಿನ ಗೋಡೆಗೆ ಬೀಳಲಿ. ಗಡಿಯ ವಿಷಯದಲ್ಲಿ ಎರಡೂ ರಾಜ್ಯದವರನ್ನು ಒಂದೇ ಮೇಜಿಗೆ ಕೂರಿಸಿ, ರೋಗಿಗಳಿಗೂ ಪರೀಕ್ಷೆ ಬರೆಯುವ ಮಕ್ಕಳಿಗೂ ಮೊದಲು ದಾರಿ ಮಾಡಿಸಿ. ಎಲ್ಲರಿಗೂ ಒಂದು ಡೋಸ್ ಸಿಗುವವರೆಗೆ, ಅಂಗಡಿ ಬಾಗಿಲಲ್ಲಿ ಸರ್ಟಿಫಿಕೇಟ್ ಕೇಳುವ ಆದೇಶವನ್ನು ತಡೆಹಿಡಿಯುವಂತೆ ಮುಖ್ಯಮಂತ್ರಿಗಳಿಗೆ ಇವತ್ತೇ ಒಂದು ಪತ್ರ ಬರೆಯಿರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ