ಭಾನುವಾರ ಕಾರುಗಳ ತಪಾಸಣೆ: ಹೆಬ್ಬಾಳ ಗ್ಯಾರೇಜ್‌ಗೆ ಬನ್ನಿ

ಎಲ್ಲರಿಗೂ ನಮಸ್ಕಾರ.

ಆಟೋಕ್ರಾಸ್‌ಗೆ (ಗಡಿಯಾರದ ವಿರುದ್ಧ ಓಡಿಸುವ ಕಾರು ಸ್ಪರ್ಧೆ) ಹೆಸರು ಕೊಡುವ ಮುಂಚೆ, ಮಾಡಿಫೈ ಮಾಡಿದ ಕಾರುಗಳು ಯಾವ ಕ್ಲಾಸ್‌ಗೆ, ಅಂದರೆ ಸ್ಪರ್ಧೆಯ ಯಾವ ವಿಭಾಗಕ್ಕೆ, ಸೇರುತ್ತವೆ ಅಂತ ನಾವೇ ನೋಡಿಕೊಳ್ಳೋಣ. ಈ ಭಾನುವಾರ ಬೆಳಿಗ್ಗೆ 8ಕ್ಕೆ, ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಗ್ಯಾರೇಜ್‌ನಲ್ಲಿ. ಸ್ಟಾಕ್ ಕಾರಿನವರು (ಏನೂ ಬದಲಾಯಿಸದವರು) ಬರಲೇಬೇಕೆಂದಿಲ್ಲ.

ಮುಖ್ಯವಾಗಿ ಬೋರ್ ಮಾಡಿಸಿದವರು, ಅಂದರೆ ಇಂಜಿನ್ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿದವರು ಗಮನಿಸಿ. ಮಾರುತಿ ಎಸ್ಟೀಮ್ ಇಂಜಿನ್‌ನ ಬೋರ್ (ಸಿಲಿಂಡರ್‌ನ ಅಗಲ) 74 ಎಂಎಂ, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5, ಅಂದರೆ ನಾಲ್ಕು ಸಿಲಿಂಡರ್ ಸೇರಿ 1298 ಸಿಸಿ. ಒಂದೇ ಒಂದು ಎಂಎಂ ಜಾಸ್ತಿ ಬೋರ್ ಮಾಡಿದರೆ 1334 ಆಗುತ್ತದೆ. 1300ರ ಮಿತಿ ಇದ್ದರೆ ಕಾರು ಮೇಲಿನ ಕ್ಲಾಸ್‌ಗೆ ಹೋಯ್ತು! ಆರ್‌ಸಿಯಲ್ಲಿರುವ ಸಿಸಿ ನಂಬಿಕೊಂಡು ಹೋಗಿ ಹಿಂದೊಮ್ಮೆ ನನ್ನ ಕಾರು ಸ್ಪರ್ಧೆಗೆ ಮುಂಚಿನ ತಪಾಸಣೆಯಲ್ಲೇ (ಸ್ಕ್ರೂಟಿನಿ) ನಿಂತಿತ್ತು. ತುಂಬಾ ಬೇಜಾರಾಗಿತ್ತು, ನಿಮಗೆ ಹಾಗಾಗಬಾರದು. ಟರ್ಬೊ ಪೆಟ್ರೋಲ್ ಇದ್ದರೆ ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ) ನಿಯಮದಲ್ಲಿ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ, ಅದನ್ನೂ ಲೆಕ್ಕ ಹಾಕೋಣ.

ಇಂಜಿನ್ ಕೆಲಸದ ಬಿಲ್, ಆರ್‌ಸಿ, ಹೆಲ್ಮೆಟ್ ತನ್ನಿ. ಸೀಟ್ ಬೆಲ್ಟ್ ಹಾರ್ನೆಸ್‌ನ ಲೇಬಲ್ ಮೇಲಿರುವ ವರ್ಷ ಮನೆಯಲ್ಲೇ ನೋಡಿ. ಬ್ಯಾಟರಿ ಅಲ್ಲಾಡಬಾರದು, ಆಯಿಲ್ ಸೋರಬಾರದು. ಆಯೋಜಕರ ನಿಯಮಾವಳಿಯ ಪ್ರಿಂಟ್ ನಾನು ತರುತ್ತೇನೆ. ಅದರಲ್ಲಿ ಬರೆದಿರುವುದೇ ಕೊನೆಯ ಮಾತು.

ಬರುವವರು ಶುಕ್ರವಾರ ಸಂಜೆಯೊಳಗೆ ಕಾರಿನ ಹೆಸರು, ಮಾಡಿಸಿದ ಬದಲಾವಣೆ ಇಲ್ಲೇ ಬರೆದು ತಿಳಿಸಿ. ವರ್ನಿಯರ್ ಕ್ಯಾಲಿಪರ್ ಇರುವವರು ದಯವಿಟ್ಟು ತನ್ನಿ, ನಮ್ಮಲ್ಲಿರುವುದು ಒಂದೇ.