ಅಪ್ಪಾ, ಈ ಸಲ ಆಪರೇಶನ್ ಮುಂದ ಹಾಕಬ್ಯಾಡ್ರಿ

ಅಡಿಲೇಡ್

ತೀರ್ಥರೂಪ ಅಪ್ಪಾ ಅವರಿಗೆ ನಮಸ್ಕಾರ. ನಾವು ಇಲ್ಲಿ ಎಲ್ಲಾರೂ ಅರಾಮ ಅದೀವಿ, ಪುಟ್ಟಿ ಸಾಲಿಗೆ ಹೊಂಟಾಳ, ಅವರ ಕೆಲಸಾನೂ ಚಲೋ ನಡದದ. ಅವ್ವಗ, ಶಾಂತಕ್ಕಗ, ಗುರು ಕಾಕಾಗ ಕೇಳೀನಿ ಅಂತ ಹೇಳ್ರಿ. ಇದನ್ನ ನೀವ ಓದಾಕ ಹೋಗಿ ಕಣ್ಣಿಗೆ ತ್ರಾಸ ಕೊಡಬ್ಯಾಡ್ರಿ, ಸಿದ್ದು ಕಡೆ ಕೊಡ್ರಿ, ಅಂವ ಓದಿ ಹೇಳ್ತಾನ.

ಸಿದ್ದು ಬರದದ್ದು ಮುಟ್ಟಿತು. ಫೋನಿನ್ಯಾಗ ಮಾತಾಡೂಮುಂದ ನೀವು ಬಾಜೂಕನ ಕುಂತಿರ್ತೀರಿ, ಅದಕ್ಕ ಅವನಿಗೆ ಏನೂ ಹೇಳಾಕ ಆಗಿಲ್ಲ, ಈಗ ಎಲ್ಲಾ ಬರದು ಕಳಿಸ್ಯಾನ. ಪೇಪರ್ ಓದಾಕ ಭೂತಗನ್ನಡಿ ಹಿಡೀತೀರಂತ, ಟೀವಿಯೊಳಗ ಸ್ಕೋರ್ ಕಾಣೂದಿಲ್ಲ ಅಂತ ಕಾಮೆಂಟ್ರಿ ಜೋರ್ ಇಟ್ಟು ಕುಂಡರ್ತೀರಂತ, ಗಾಂಧಿ ಚೌಕದಾಗ ಆಟೋ ಬಂದದ್ದು ಕಾಣಲಾರದ ಕಾಲ ಮುಂದಿಟ್ರಂತ, ಗುರು ಕಾಕಾ ಕೈ ಹಿಡದು ಜಗ್ಗಿದ್ದಕ್ಕ ಉಳದೀರಿ. ಅಪ್ಪಾ, ಇದನ್ನ ಓದಿ ನನಗ ರಾತ್ರಿ ನಿದ್ದಿ ಬರಲಿಲ್ಲ. ಡಾಕ್ಟರು ಎರಡೂ ಕಣ್ಣಿಗೆ ಪೊರಿ ಬಂದದ, ಮೊದಲ ಬಲಗಣ್ಣು ಮಾಡೂಣು ಅಂದ್ರ ನೀವು ಸಿದ್ದೇಶ್ವರ ಜಾತ್ರಿ ಆಗ್ಲಿ, ಪೊರಿ ಇನ್ನೂ ಹಣ್ಣಾಗಿಲ್ಲ ಅಂತ ಎದ್ದು ಬಂದೀರಂತ. ಯಾಕ ಅಪ್ಪಾ?

ನನಗ ಗೊತ್ತದ, ದೊಡ್ಡಪ್ಪನ ಕಣ್ಣು ಹ್ವಾದದ್ದು ನಿಮ್ಮ ಮನಸಿನ್ಯಾಗ ಇನ್ನೂ ಕುಂತದ. ಆದ್ರ ಅದು ಆವಾಗಿನ ಕ್ಯಾಂಪು, ಆವಾಗಿನ ಆಪರೇಶನ್. ಆ ಕಾಲದಾಗ ದೊಡ್ಡದಾಗಿ ಕೊಯ್ದು ಮಸೂರ ಪೂರ್ತಿ ತಗದು ಬಿಡ್ತಿದ್ರು, ಆಮ್ಯಾಲೆ ದಪ್ಪನ ಚಸ್ಮಾ. ಈಗ ಕಣ್ಣಿಗೆ ಔಷಧದ ಹನಿ ಹಾಕಿ ಮರಗಟ್ಟಿಸಿ ಸಣ್ಣ ತೂತು ಮಾಡಿ ಪೊರಿ ಒಡದು ಜಗ್ಗಿ ತಗೀತಾರ, ಮಡಚಿದ ಲೆನ್ಸ್ ಅದ ತೂತಿನಿಂದ ಒಳಗ ಬಿಡ್ತಾರ, ಅದು ಒಳಗ ಹೋಗಿ ಅರಳತದ. ಬಹಳ ಮಂದಿಗೆ ಹೊಲಿಗೀನೂ ಬೇಕಾಗೂದಿಲ್ಲ. ಅವತ್ತ ಸಂಜೀಕ ಮನೀಗೆ ಬರ್ತೀರಿ. ಪೊರಿ ಹಣ್ಣಾಗೂತನಕ ಕಾಯಬೇಕು ಅನ್ನೂದೂ ಹಳೇ ಮಾತು, ಈಗ ಕಾದಷ್ಟೂ ಅದು ಗಟ್ಟಿ ಆಗಿ ತಗಿಯೂದು ಕಷ್ಟ ಆಗ್ತದ. ನಿಮ್ಮ ಶುಗರ್ ಒಂದು ಹತೋಟಿಯೊಳಗ ಇದ್ರ ಸಾಕು. ನಮ್ಮ ಬಾಜೂ ಮನಿ ಅಜ್ಜಿಗೆ ಎಂಬತ್ತು ದಾಟೇದ, ಎರಡೂ ಕಣ್ಣು ಮಾಡಿಸ್ಕೊಂಡು ಈಗ ತಾನ ಕಾರ್ ಹೊಡ್ಕೊಂಡು ಅಡ್ಡಾಡ್ತಾಳ. ಇಲ್ಲಿಯವರಿಗೆ ವಯಸ್ಸು ಅಂದ್ರ ಲೆಕ್ಕಕ್ಕ ಇಲ್ಲ.

ಹ್ವಾದ ತಿಂಗಳ ಅಡಿಲೇಡ್ ಓವಲ್ ಕ್ರಿಕೆಟ್ ಗ್ರೌಂಡ್ ನೋಡಾಕ ಹೋಗಿದ್ವಿ, ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್, ನಿಮ್ಮ ಡಾನ್ ಬ್ರಾಡ್ಮನ್ ದೊಡ್ಡವನಾದ ಮ್ಯಾಲೆ ಬಂದು ನೆಲಸಿದ ಊರು ಇದು. ನೀವು ಬಂದ್ರ ವಿಮಾನ ಇಳದು ಊರೊಳಗ ಬರೂ ರಸ್ತೇಕ ಅವನ ಹೆಸರು, ಸ್ಟೇಡಿಯಂ ಹೊರಗ ಅವನ ಮೂರ್ತಿ, ಒಳಗ ಅವನ ಬ್ಯಾಟು ಕ್ಯಾಪು ಎಲ್ಲಾ ಗಾಜಿನ ಕಪಾಟಿನ್ಯಾಗ. ಇಲ್ಲಿಯ ಸರಕಾರಿ ರೇಡಿಯೋದವರ ಪೋಸ್ಟ್ ಬಾಕ್ಸ್ ನಂಬರ್ 9994 ಅದ, ಟೆಸ್ಟಿನ್ಯಾಗ ಅವನ ರನ್ ಸರಾಸರಿ 99.94 ಅಲ್ಲಾ, ಅದ ನೆನಪಿಗೆ ಅಂತ ಮಂದಿ ಹೇಳ್ತಾರ. 1911ರ ಸ್ಕೋರ್ ಬೋರ್ಡ್ ಇನ್ನೂ ನಿಂತದ, ಮನಶ್ಯಾರು ಒಳಗ ನಿಂತು ಕೈಲೆ ನಂಬರ್ ತಿರುವ್ತಾರ, ಬಾಜೂಕ ದೊಡ್ಡ ಟೀವಿ ಪರದೆ ಇದ್ರೂ ಅದನ್ನ ತಗಿಯೂದಿಲ್ಲಂತ. ಚಲೋ ಮಾಡ್ಯಾರ. ಬಿಸಲು ಮಾತ್ರ ನಮ್ಮ ವಿಜಾಪುರದ್ದ, ಬ್ಯಾಸಗಿಗೆ ನಲವತ್ತು ದಾಟತದ.

ಸಣ್ಣವರಿದ್ದಾಗ ನೀವು ಅಂಗಳದಾಗ ಕುಂಡ್ರಿಸಿ ಹೇಳಿದ್ದೆಲ್ಲಾ ನೆನಪಾತು. ಬೌರಲ್ ಊರಾಗ ನೀರಿನ ಟಾಕಿ ಕಟ್ಟೀಗೆ ಗಾಲ್ಫ್ ಚೆಂಡು ಒಗದು, ತಿರುಗಿ ಬಂದದ್ದನ್ನ ಬ್ಯಾಟ್ ಬಿಟ್ಟು ಬರೇ ಸ್ಟಂಪಿನಿಂದ ಬಡೀತಿದ್ದ ಹುಡುಗ ಬ್ರಾಡ್ಮನ್. 1930ರಾಗ ಲೀಡ್ಸಿನೊಳಗ ಒಂದ ದಿವಸದಾಗ 309, ಆ ಸಿರೀಸಿಗೆ 974 ರನ್. ಅವನನ್ನ ಕಟ್ಟಿಹಾಕಾಕ ಇಂಗ್ಲೆಂಡಿನವರು ಮೈಮ್ಯಾಲೆ ಬೌಲಿಂಗ್ ಮಾಡಿದ್ರೂ ಆ ಬಾಡಿಲೈನ್ ಸಿರೀಸಿನ್ಯಾಗ ಸರಾಸರಿ 56, ಬ್ಯಾರೆಯವರಿಗೆ ಅಷ್ಟ ಬಂದ್ರ ಹಬ್ಬ ಮಾಡ್ತಾರ, ಅವನಿಗೆ ಮಾತ್ರ ಅದು ಸೋಲು ಅಂದ್ರು. ಮತ್ತ ನಮ್ಮ ಸಾಂಗ್ಲಿ ವಿಜಯ್ ಹಜಾರೆ ಇದ ಅಡಿಲೇಡ್ ಗ್ರೌಂಡಿನ್ಯಾಗ 1948ರಾಗ ಎರಡೂ ಇನಿಂಗ್ಸಿನೊಳಗ ಸೆಂಚುರಿ ಹೊಡದಾನ, 116 ಮತ್ತ 145, ಅದ ಮ್ಯಾಚಿನ್ಯಾಗ ಬ್ರಾಡ್ಮನ್ 201. ಆ ಗ್ರೌಂಡ್ ನೋಡಿ ನಿಮ್ಮನ್ನ ನೆನಸಿ ಕಣ್ಣಾಗ ನೀರ ಬಂತು.

ಆದ್ರ ಅಪ್ಪಾ, ನೀವು ಯಾವಾಗ್ಲೂ ಅಂತಿದ್ರಲ್ಲಾ, ಬ್ರಾಡ್ಮನ್‌ಗ ಕಣ್ಣು ದೇವರು ಬ್ಯಾರೆ ಮಾಡಿ ಕೊಟ್ಟಿದ್ದ ಅಂತ. ಹಂಗಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕ ಅಂವ ಸೈನ್ಯಕ್ಕ ಸೇರಿದಾಗ ಕಣ್ಣು ಪರೀಕ್ಷಾ ಮಾಡಿದ್ರು, ದೃಷ್ಟಿ ಕಮ್ಮಿ ಅದ ಅಂತ ಬಂತು! ಅದರ ಮ್ಯಾಲೆ ಬೆನ್ನಿನ ನೋವು ಎಷ್ಟಂದ್ರ 1941ರಾಗ ಸೈನ್ಯದವರು ಅವನನ್ನ ಮನೀಗೆ ಕಳಿಸಿದ್ರು, ಬಲಗೈ ಹೆಬ್ಬೆರಳು ತೋರಬೆರಳಿನ್ಯಾಗ ಮುಟ್ಟಿದ್ದು ಗೊತ್ತಾಗದಂಗ ಆತು. ಇನ್ನ ಇವನ ಆಟ ಮುಗೀತು ಅಂತ ಬಹಳ ಮಂದಿ ತಿಳಕೊಂಡಿದ್ರು. ಮೂವತ್ತೆಂಟರ ವಯಸ್ಸಿನ್ಯಾಗ ತಿರುಗಿ ಬಂದು 187, ಮುಂದಿನ ಟೆಸ್ಟಿಗೆ 234. ಯುದ್ಧ ಮುಗದ ಮ್ಯಾಲೆ ಆಡಿದ 15 ಟೆಸ್ಟಿನ್ಯಾಗ 8 ಸೆಂಚುರಿ, ಅದರಾಗ ನಾಕು ನಮ್ಮವರ ಮ್ಯಾಲೆ.

ಇನ್ನೊಂದು. 1934ರಾಗ ಇಂಗ್ಲೆಂಡಿಗೆ ಹೋದಾಗ ಅಪೆಂಡಿಕ್ಸ್ ಆಗಿ ಸಾಯೂ ಹಂಗ ಆಗಿದ್ದ, ಹೆಂಡತಿ ಜೆಸ್ಸಿ ಆಸ್ಟ್ರೇಲಿಯಾದಿಂದ ಅಲ್ಲೀತನಕ ಹಡಗ ಹತ್ತಿ ಹೊಂಟಿದ್ಲು. ಆಪರೇಶನ್ ಮಾಡಿಸ್ಕೊಂಡ, ಮುಂದ ಒಂದು ಸೀಸನ್ ಪೂರ್ತಿ ಬ್ಯಾಟ್ ಮುಟ್ಟಲಿಲ್ಲ, ಆಮ್ಯಾಲೆ 1936-37ರಾಗ ಕ್ಯಾಪ್ಟನ್ ಆಗಿ ಎರಡು ಟೆಸ್ಟ್ ಸೋತ ಮ್ಯಾಲೂ 270, 212, 169 ಹೊಡದು 3-2 ಗೆದ್ದ. ನಿಮಗ ಇವೆಲ್ಲಾ ನನಗಿಂತ ಚಲೋ ಗೊತ್ತು. ಆದ್ರ ನೀವು ನಮಗ ರನ್ ಹೇಳಿದ್ರಿ, ಆಪರೇಶನ್ ಹೇಳಲಿಲ್ಲ. ಅವನ ಹೆಸರು ಇಷ್ಟ ದೊಡ್ಡದಾದದ್ದು ಬರೇ ಕಣ್ಣಿನಿಂದ ಅಲ್ಲ, ಡಾಕ್ಟರ್ ಮಾತು ಕೇಳಿ ಮನೀಯಾಗ ಕುಂತ ದಿನಗೋಳಿಂದನೂ ಆಗೇದ ಅಂತ ನನಗ ಖರೇನ ಅನಸ್ತದ.

ಹಂಗಂತ ಹೆದರಬ್ಯಾಡ್ರಿ, ನಿಮಗ ಆಗೂದು ಅಂಥಾ ದೊಡ್ಡ ಆಪರೇಶನ್ ಅಲ್ಲ, ಏನೂ ಆಗೂದಿಲ್ಲ, ಖರೇನ ಏನೂ ಆಗೂದಿಲ್ಲ. ರೊಕ್ಕದ ಚಿಂತಿ ಬ್ಯಾಡ, ಸಿದ್ದು ಖಾತೇಕ ಹಾಕೀನಿ, ಎರಡೂ ಕಣ್ಣಿಗೆ ಸಾಕಾಗ್ತದ, ನನಗೇನೂ ಅಡಚಣಿ ಇಲ್ಲ. ಅವ್ವಾ, ನೀ ಒಂದು ನೋಡು, ಆಪರೇಶನ್ ಆದ ಮ್ಯಾಲೆ ತಲೀ ಮ್ಯಾಲೆ ನೀರ ಹಾಕ್ಕೋಳಾಕ ಬಿಡಬ್ಯಾಡ, ಕೊಡ ಎತ್ತಾಕ ಬಿಡಬ್ಯಾಡ, ಒಲಿ ಹೊಗಿಯಾಗ ಕುಂಡ್ರಿಸಬ್ಯಾಡ, ಹನಿ ಔಷಧ ಡಾಕ್ಟರು ಹೇಳಿದಷ್ಟು ದಿನ ತಪ್ಪಲಾರದ ಹಾಕು. ಕೈ ತೊಳಕೊಂಡು ಹಾಕು. ಮತ್ತ ಹೋಳಿಗಿ ಕಡಬು ಅಂತ ಕೊಟ್ಟು ಶುಗರ್ ಏರಿಸಬ್ಯಾಡ, ರೊಟ್ಟಿ ಪಲ್ಯ ಸಾಕು.

ಜಾತ್ರೀಗೆ ಮೊದಲ ಬಲಗಣ್ಣು ಆಗ್ಲೇಬೇಕು ಅಪ್ಪಾ. ಪುಟ್ಟಿ ಸಾಲಿ ಬಿಡೂ ಹೊತ್ತಾತು, ಕರಕೊಂಡು ಬರಾಕ ಹೋಗಬೇಕು. ಡಾಕ್ಟರು ಯಾವ ತಾರೀಖು ಕೊಡ್ತಾರ ಅಂತ ಸಿದ್ದು ಕೈಲೆ ಇವತ್ತ ಮೆಸೇಜ್ ಹಾಕಸ್ರಿ.

ನಿಮ್ಮ ಮಗಳು
ಸವಿತಾ