ಮೈಸೂರಿನ ಹಾಸ್ಟೆಲ್ಲಿನಲ್ಲಿರುವ ಮಗಳಿಗೊಂದು ಪತ್ರ

ಚಿ. ಪುಟ್ಟಿಗೆ,

ಧಾರವಾಡದಿಂದ ನಿನ್ನ ಅಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಭಾನುವಾರ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಇಲ್ಲಿ ಕುಕ್ಕರ್ ಕೂಗುತ್ತಿತ್ತು, ನಿನ್ನ ಕಡೆಯಿಂದ ಕಾರಿಡಾರಿನ ಗದ್ದಲ ಕೇಳಿಬರುತ್ತಿತ್ತು, ಇಂಥ ವಿಷಯವನ್ನು ಅಂಥ ಗಲಾಟೆಯ ನಡುವೆ ಮಾತಾಡುವುದು ಬೇಡವೆನಿಸಿ ಬರೆಯಲು ಕುಳಿತಿದ್ದೇನೆ. ಸದ್ದು, ಬೆಳಕು, ವಾಸನೆ, ಬಟ್ಟೆಯ ಸ್ಪರ್ಶ ಯಾವುದನ್ನೂ ನೀನು ಉಳಿದವರಷ್ಟು ಸಹಿಸಲಾರೆಯೆಂದು ಕೋಣೆಯ ಗೆಳತಿಯರು ನಿನ್ನನ್ನು ‘ನಾಜೂಕಿನ ರಾಣಿ’ ಎಂದು ನಗುತ್ತಾರೆ; ಹೀಗಿರುವಾಗ ವಾರ್ಡನ್ ಮೇಡಂ ಅವರಿಗೆ ಹೇಳಬೇಕೋ ಬೇಡವೋ, ಹೇಳುವುದಾದರೆ ಏನೆಂದು ಹೇಳಬೇಕು ಎಂಬುದು ನಿನ್ನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ. ಖಂಡಿತ ಹೇಳು, ಆದರೆ ನಿನ್ನ ಸ್ವಭಾವದ ಕಥೆಯನ್ನು ಬದಿಗಿಟ್ಟು, ತೊಂದರೆ ಕೊಡುತ್ತಿರುವ ವಸ್ತು ಯಾವುದು, ಅದಕ್ಕೆ ಏನು ಮಾಡಬೇಕು ಎಂಬುದನ್ನಷ್ಟೇ ಹೇಳು.

ಮೊದಲು ನಿನ್ನ ಕೋಣೆಯ ಟ್ಯೂಬ್‌ಲೈಟಿನ ವಿಚಾರ. ಅದರ ಪಟ್ಟಿಯೊಳಗೆ ತಾಮ್ರದ ಸುರುಳಿಯ ಹಳೆಯ ಚೋಕ್ ಇದೆಯೆಂದು ನೀನು ಕಳಿಸಿದ ಚಿತ್ರದಿಂದ ತಿಳಿಯಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಒಂದೊಂದು ಆವರ್ತದಲ್ಲಿ ಪ್ರವಾಹ ಎರಡು ಸಲ ಏರಿಳಿಯುವುದರಿಂದ ಅಂಥ ಟ್ಯೂಬು ಸೆಕೆಂಡಿಗೆ 100 ಸಲ ಬೆಳಗಿ ಮಂಕಾಗುತ್ತದೆ, ಚೋಕಿನೊಳಗಿನ ಕಬ್ಬಿಣದ ಹಾಳೆಗಳು ಅದೇ ಲಯದಲ್ಲಿ ಗುಂಯ್‌ಗುಡುತ್ತವೆ. ಬಹುತೇಕರ ಕಣ್ಣಿಗೆ ಇದು ಸ್ಥಿರವಾದ ಬೆಳಕಾಗಿಯೇ ಕಾಣುತ್ತದೆ, ಆದರೆ ಕಾಣದ ಮಾತ್ರಕ್ಕೆ ಪರಿಣಾಮವೂ ಇಲ್ಲವೆನ್ನಲಾಗದು. ಇಂಗ್ಲೆಂಡಿನ ಆರ್ನಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಚೇರಿಯೊಂದರ ಟ್ಯೂಬುಗಳಿಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕೆಲಸಮಾಡುವ ಎಲೆಕ್ಟ್ರಾನಿಕ್ ಚೋಕ್ ಅಳವಡಿಸಿದಾಗ ನೌಕರರ ತಲೆನೋವು ಮತ್ತು ಕಣ್ಣಿನ ಆಯಾಸ ಅರ್ಧಕ್ಕಿಂತಲೂ ಕಡಿಮೆಯಾಯಿತು. ಅವರು ನಿನ್ನಂಥವರನ್ನು ಆರಿಸಿ ತಂದದ್ದಲ್ಲ, ಅಲ್ಲಿದ್ದವರು ಸಾಮಾನ್ಯ ನೌಕರರೇ.

ಆದ್ದರಿಂದ ‘ಮೇಡಂ, ನನಗೆ ಬೆಳಕು ಆಗಿಬರುವುದಿಲ್ಲ’ ಎಂದು ಹೇಳಬೇಡ. ‘ಮೇಡಂ, ನಮ್ಮ ಕೋಣೆಯ ಚೋಕ್ ರಾತ್ರಿಯೆಲ್ಲ ಸದ್ದು ಮಾಡುತ್ತದೆ, ಎಲೆಕ್ಟ್ರಾನಿಕ್ ಚೋಕ್ ಹಾಕಿಸಿಕೊಡಿ’ ಎಂದು ಹೇಳು. ಮೊದಲನೆಯ ಮಾತಿಗೆ ನಿನಗೆ ದೊರೆಯುವುದು ಬುದ್ಧಿವಾದ, ಎರಡನೆಯದಕ್ಕೆ ಎಲೆಕ್ಟ್ರಿಷಿಯನ್. ಅದರ ಬದಲು ಎಲ್‌ಇಡಿ ಪಟ್ಟಿ ಹಾಕುತ್ತೇವೆಂದರೆ, ಹಾಕಿದ ಮೇಲೆ ಮೊಬೈಲಿನ ಕ್ಯಾಮೆರಾವನ್ನು ಅದರ ಹತ್ತಿರ ಹಿಡಿದು ನೋಡು. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಅದೂ ಮಿನುಗುವ ಜಾತಿಯದೇ, ಅಗ್ಗದ ಎಲ್‌ಇಡಿಗಳಲ್ಲಿ ಈ ದೋಷ ಸಾಮಾನ್ಯ. (ಭೌತಶಾಸ್ತ್ರದ ಮೇಷ್ಟ್ರ ಮಗಳಾಗಿ ಹುಟ್ಟಿದ ತಪ್ಪಿಗೆ ಇಷ್ಟನ್ನು ನೀನು ಓದಲೇಬೇಕು.)

ಹೀಗೆ ವಸ್ತುವನ್ನೇ ಮುಂದಿಡು ಎಂದು ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನೀನು ಚಿಕ್ಕವಳಿದ್ದಾಗ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದದ್ದು ಮಸುಕಾಗಿ ನೆನಪಿರಬಹುದು. ಅಲ್ಲಿ ಎರಡು ಬಗೆಯ ಅಳತೆ ತೆಗೆದುಕೊಂಡರು. ಎಷ್ಟು ಸಣ್ಣ ಸದ್ದು ನಿನಗೆ ಕೇಳಿಸುತ್ತದೆಂಬುದು ಮೊದಲನೆಯದು, ಅದರಲ್ಲಿ ನೀನು ಉಳಿದ ಮಕ್ಕಳಂತೆಯೇ ಇದ್ದೆ. ಎಷ್ಟು ದೊಡ್ಡ ಸದ್ದಿಗೆ ಸಾಕೆನ್ನುತ್ತೀಯೆಂಬುದು ಎರಡನೆಯದು. ಸಾಮಾನ್ಯವಾಗಿ 90–100 ಡೆಸಿಬಲ್ಲಿನ ಆಸುಪಾಸಿನಲ್ಲಿ ಜನ ಕೈಯೆತ್ತುತ್ತಾರೆ, ನೀನು ಅದಕ್ಕಿಂತ ಬಹಳ ಮುಂಚೆಯೇ ಎತ್ತಿದೆ. ಇದಕ್ಕೆ ಹೈಪರ್‌ಅಕ್ಯೂಸಿಸ್ ಎಂಬ ಹೆಸರಿದೆ. ಆದರೆ ಸದ್ದಿನ ಜೊತೆಗೆ ಬೆಳಕು, ವಾಸನೆ, ಬಟ್ಟೆಯ ಸ್ಪರ್ಶ ಎಲ್ಲವೂ ಸೇರಿದ ನಿನ್ನ ಒಟ್ಟು ಸ್ಥಿತಿಗೆ ವೈದ್ಯಶಾಸ್ತ್ರ ಇನ್ನೂ ಒಂದು ಸ್ವತಂತ್ರ ಸ್ಥಾನ ಕೊಟ್ಟಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರ ತನ್ನ ಐದನೆಯ ಆವೃತ್ತಿಯಲ್ಲಿ ಇಂದ್ರಿಯಗಳ ಅತಿ ಪ್ರತಿಕ್ರಿಯೆಯನ್ನು ಆಟಿಸಂನ ಲಕ್ಷಣಗಳೊಳಗೆ ಸೇರಿಸಿತೇ ಹೊರತು ಅದನ್ನೇ ಪ್ರತ್ಯೇಕ ಸಮಸ್ಯೆಯಾಗಿ ನಮೂದಿಸಲಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೂ 2012ರಲ್ಲಿ, ಇದನ್ನು ಸ್ವತಂತ್ರ ರೋಗನಿರ್ಣಯವಾಗಿ ಬರೆಯಬೇಡಿರೆಂದೇ ತನ್ನ ವೈದ್ಯರಿಗೆ ಸಲಹೆ ಕೊಟ್ಟಿತು. ನಿನಗೆ ಆಟಿಸಂ ಇಲ್ಲವೆಂದು ಪರೀಕ್ಷಿಸಿದವರು ಹೇಳಿದ್ದಾರೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿದೆ, ಆಟಿಸಂ ಅದರಲ್ಲಿದೆ, ಆದರೆ ಬರಿಯ ಇಂದ್ರಿಯಗಳ ಸೂಕ್ಷ್ಮತೆ ಇಲ್ಲ. ಎಂದರೆ ವಾರ್ಡನ್ನರ ಮೇಜಿನ ಮೇಲಿಡಲು ನಿನ್ನಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ, ಸದ್ಯಕ್ಕೆ ಸಿಗುವಂತೆಯೂ ಇಲ್ಲ. ಕಾಗದವಿಲ್ಲದವರು ತಮ್ಮ ಮಾತನ್ನು ಸ್ವಲ್ಪ ಜಾಣತನದಿಂದ ಜೋಡಿಸಿಕೊಳ್ಳಬೇಕಾಗುತ್ತದೆ. ಅದು ನ್ಯಾಯವೇ ಎಂದು ಕೇಳಿದರೆ, ಅಲ್ಲವೆಂದೇ ನಾನೂ ಹೇಳುತ್ತೇನೆ.

ಇನ್ನು ನಿನ್ನ ಸೋದರತ್ತೆಯ ಮಾತು. ‘ಎಲ್ಲಾ ರೂಢಿ ಆಗ್ತೈತಿ ತಗೋ’ ಎಂದು ಅವಳು ನಿನಗೂ ಫೋನು ಮಾಡಿ ಹೇಳಿದಳಂತೆ. ರೊಟ್ಟಿ ಬಡಿಯುವವರ ಅಂಗೈ ಹಂಚಿನ ಬಿಸಿಗೆ ಒಗ್ಗುವಂತೆ ನಿನ್ನ ಕಿವಿಯೂ ಒಗ್ಗುತ್ತದೆಂಬುದು ಅವಳ ನಂಬಿಕೆ. ಅಂಗೈ ಒಗ್ಗುವುದು ಚರ್ಮ ದಪ್ಪವಾಗುವುದರಿಂದ. ಕಿವಿಯಲ್ಲಿ ದಪ್ಪವಾಗುವಂಥದ್ದು ಏನೂ ಇಲ್ಲ. ನಡುಗಿವಿಯ ರಿಕಾಪು ಮೂಳೆಗೆ ಸ್ಟೆಪೀಡಿಯಸ್ ಎಂಬ ಪುಟ್ಟ ಸ್ನಾಯು ಅಂಟಿಕೊಂಡಿದೆ, ದೊಡ್ಡ ಸದ್ದು ಬಂದಾಗ ಅದು ಸೆಟೆದುಕೊಂಡು ಮೂಳೆಯ ಕಂಪನವನ್ನು ತಗ್ಗಿಸುತ್ತದೆ. ಆದರೆ ಅದು ಸೆಟೆಯಲು ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟಾದರೂ ಹೊತ್ತು ಬೇಕು. ಮೆಸ್ಸಿನಲ್ಲಿ ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದಾಗ ಅಷ್ಟರೊಳಗೆ ಸದ್ದಿನ ಮೊದಲ ಪೆಟ್ಟು ಒಳಗೆ ಹೋಗಿಯೇ ಬಿಟ್ಟಿರುತ್ತದೆ. ಯಾರ ಕಿವಿಯಲ್ಲಾದರೂ ಇದು ಹೀಗೆಯೇ, ನಿನಗೆ ಆ ಪೆಟ್ಟು ಹೆಚ್ಚು ನೋಯುತ್ತದೆ ಅಷ್ಟೇ.

ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇಲ್ಲದಿಲ್ಲ. ಅಜ್ಜಿ ರೊಟ್ಟಿ ಬಡಿಯುವಾಗ ನೀನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವವರೆಗೂ ಏಳುತ್ತಿರಲಿಲ್ಲ. ಆ ಸದ್ದೇನೂ ಸಣ್ಣದಲ್ಲ, ಪಕ್ಕದ ಮನೆಗೆ ಕೇಳುವಂಥದ್ದು. ಆದರೆ ಅದಕ್ಕೊಂದು ಲಯವಿತ್ತು, ಮುಂದಿನ ಬಡಿತ ಯಾವಾಗ ಬರುತ್ತದೆಂದು ನಿನಗೆ ಗೊತ್ತಿರುತ್ತಿತ್ತು. ಬರುವುದೆಂದು ತಿಳಿದಿರುವ ಸದ್ದನ್ನು, ನಿಲ್ಲಿಸುವ ಅಧಿಕಾರ ನಿನ್ನ ಕೈಯಲ್ಲೇ ಇರುವ ಸದ್ದನ್ನು ನೀನು ಎಷ್ಟೋ ಸುಲಭವಾಗಿ ಸಹಿಸುತ್ತೀ. ಆದ್ದರಿಂದ ಮೆಸ್ಸಿಗೆ ಮೊದಲ ಸರದಿಯಲ್ಲೇ ಹೋಗು. ಎಂಜಲು ತಟ್ಟೆ ಹಾಕುವ ತೊಟ್ಟಿಯಿಂದ ದೂರವಾಗಿ, ಅದು ಕಣ್ಣಿಗೆ ಕಾಣುವಂತೆ, ಗೋಡೆಗೆ ಬೆನ್ನುಕೊಟ್ಟು ಕುಳಿತುಕೊ. ತಟ್ಟೆ ಎಸೆಯಲು ಬರುತ್ತಿರುವವರು ಕಂಡರೆ ಬೀಳಲಿರುವ ಸದ್ದು ಮೊದಲೇ ತಿಳಿದಂತಾಗುತ್ತದೆ. ಬೆಂಡೆಕಾಯಿಯ ಲೋಳೆ ಗಂಟಲಿಗೆ ಇಳಿಯದಿದ್ದರೆ ಬಿಟ್ಟುಬಿಡು, ಅದರ ಬಗ್ಗೆ ಯಾರಿಗೂ ವಿವರಣೆ ಕೊಡುವ ಅಗತ್ಯವಿಲ್ಲ. ಬೆಂಡೆಕಾಯಿ ತಿನ್ನದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ.

ಕಿವಿಗೆ ಹಾಕುವ ಪ್ಲಗ್ಗಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಎಚ್ಚರವಿರುವಷ್ಟು ಹೊತ್ತೂ ಹಾಕಿಕೊಂಡಿರುತ್ತೇನೆ ಎಂದೆಯಲ್ಲ, ಅದು ಬೇಡ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕೆಲವರಿಗೆ ಎರಡು ವಾರ ಕಿವಿಗೆ ಪ್ಲಗ್ ಹಾಕಿಸಿ, ಇನ್ನು ಕೆಲವರಿಗೆ ಸದಾ ಮೆಲ್ಲನೆಯ ಭೋರ್ಗರೆತ ಕೇಳಿಸುವ ಸಾಧನ ಕೊಟ್ಟು ನೋಡಿದರು. ಪ್ಲಗ್ ಹಾಕಿದವರಿಗೆ ಮೊದಲಿದ್ದ ಸದ್ದೇ ಇನ್ನೂ ದೊಡ್ಡದಾಗಿ ಕೇಳತೊಡಗಿತು, ಸಾಧನ ಹಾಕಿಕೊಂಡವರಿಗೆ ಅದಕ್ಕೆ ವಿರುದ್ಧವಾದ ಫಲ ದೊರೆಯಿತು. ಹೊರಗಿನ ಸದ್ದು ಕಡಿಮೆಯಾದಷ್ಟೂ ಮಿದುಳು ಒಳಗಿನ ವಾಲ್ಯೂಮನ್ನು ಏರಿಸುತ್ತದೆ. ಆದ್ದರಿಂದ ಪ್ಲಗ್ಗನ್ನು ಪಟಾಕಿಗೆ, ಮೆರವಣಿಗೆಗೆ, ಬಸ್ ನಿಲ್ದಾಣದ ಹಾರ್ನಿಗೆ ಇಟ್ಟುಕೊ. ಕೋಣೆಯಲ್ಲಿ ಓದುವಾಗ ಫ್ಯಾನಿನ ಸದ್ದು ಇರಲಿ, ಪೂರ್ತಿ ನಿಶ್ಶಬ್ದವನ್ನು ಹುಡುಕಬೇಡ.

ರಾತ್ರಿ ಹತ್ತರ ನಂತರ ಹಾಸ್ಟೆಲ್ಲಿನ ಪಕ್ಕದ ಮೈದಾನದಲ್ಲಿ ಧ್ವನಿವರ್ಧಕ ಹಾಕುತ್ತಾರೆಂದು ಬರೆದಿದ್ದೆ. ಅಲ್ಲಿ ನಿನ್ನ ಸೂಕ್ಷ್ಮತೆಯ ಪ್ರಸ್ತಾಪವೇ ಅನವಶ್ಯಕ, ಏಕೆಂದರೆ ಆ ಕಾನೂನು ಎಲ್ಲರದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹರಿದಿನಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ಕೇಳಲು ಒಲ್ಲದವರ ಕಿವಿಗೆ ತುರುಕುವ ಹಕ್ಕು ಯಾರಿಗೂ ಇಲ್ಲವೆಂಬ ಅರ್ಥದಲ್ಲಿ ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರಂದು ತೀರ್ಪು ಕೊಟ್ಟಿದೆ. ನೀನೊಬ್ಬಳೇ ಹೋಗದೆ, ಪರೀಕ್ಷೆಗೆ ಓದುತ್ತಿರುವ ಉಳಿದ ಹುಡುಗಿಯರನ್ನೂ ಸೇರಿಸಿಕೊಂಡು ವಾರ್ಡನ್ನರಿಗೆ ಅರ್ಜಿ ಬರೆಯಿರಿ. ಅವರ ಮೂಲಕವೇ 112ಕ್ಕೆ ಕರೆ ಹೋಗಲಿ.

ಬಟ್ಟೆಯ ವಿಷಯವನ್ನು ನಿನ್ನ ಅವ್ವ ನನಗಿಂತ ಚೆನ್ನಾಗಿ ಬಲ್ಲಳು. ಕುತ್ತಿಗೆಯ ಲೇಬಲ್ಲುಗಳನ್ನು ಕತ್ತರಿಸಿದರೆ ಸಾಲದು, ಹೊಲಿಗೆಯ ಎಳೆಯನ್ನು ಬಿಚ್ಚಿ ಬುಡಸಮೇತ ತೆಗೆಯಬೇಕು, ಇಲ್ಲದಿದ್ದರೆ ಉಳಿದ ತುಣುಕು ಲೇಬಲ್ಲಿಗಿಂತ ಹೆಚ್ಚು ಚುಚ್ಚುತ್ತದೆ ಎಂದು ತಿಳಿಸಲು ಹೇಳಿದ್ದಾಳೆ. ಹಗುರವಾದ ಸ್ಪರ್ಶ ನಿನ್ನನ್ನು ಕಂಗೆಡಿಸುತ್ತದೆ, ಭಾರವಾದ ಒತ್ತಡ ಸಮಾಧಾನ ಕೊಡುತ್ತದೆ. ಇದು ನಿನ್ನೊಬ್ಬಳ ಅನುಭವವಲ್ಲ. ಆಟಿಸಂ ಇರುವ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್, ಚುಚ್ಚುಮದ್ದು ಕೊಡಲು ದನಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಕಟಕಟೆಯನ್ನು ಕಂಡು, ಹರೆಯದಲ್ಲೇ ತನಗಾಗಿ ಅಂಥದೊಂದು ಯಂತ್ರವನ್ನು ಕಟ್ಟಿಕೊಂಡರು. ಈಗ ಅದೇ ಉದ್ದೇಶಕ್ಕೆ ಭಾರದ ಹೊದಿಕೆಗಳು ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜಿಯ ಕೌದಿಯಿದೆ. ಹಳೆಯ ಇಳಕಲ್ ಸೀರೆ, ಧೋತರ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಬೆರಳಗಲಕ್ಕೊಂದು ಸಾಲಿನಂತೆ ಕೈಹೊಲಿಗೆ ಹಾಕಿದ ಆ ಕೌದಿಯನ್ನು ಒದ್ದೆಯಾದಾಗ ಒಬ್ಬರಿಂದ ಹಿಂಡಲಾಗುವುದಿಲ್ಲ. ಎಷ್ಟೋ ಸಲ ತೊಳೆದು ಮೆತ್ತಗಾಗಿರುವುದರಿಂದ ಮೈಗೆ ಚುಚ್ಚುವುದೂ ಇಲ್ಲ.

ಕೊನೆಯದಾಗಿ ನಿನ್ನ ಅಣ್ಣನ ಮದುವೆ. ದೊಡ್ಡಪ್ಪನ ಮಗನ ಮದುವೆಗೆ ನೀನು ಬಾರದೆ ಇರುವುದು ನನಗೂ ಒಪ್ಪಿಗೆಯಿಲ್ಲ, ನಿನಗೂ ಇರಲಾರದು. ಆದರೆ ವಾಲಗ, ಡಿಜೆ, ಮಲ್ಲಿಗೆಯ ಘಮ, ಊದಿನಕಡ್ಡಿಯ ಹೊಗೆ, ಕ್ಯಾಮೆರಾದವರ ಬಿಳಿ ದೀಪ, ಕೆನ್ನೆ ಸವರಿ ಮಾತಾಡಿಸುವ ಹತ್ತಾರು ಕೈಗಳು ಎಲ್ಲವೂ ಒಂದೇ ಕಡೆ ಸೇರುವ ಜಾಗವದು. ದೊಡ್ಡಪ್ಪನ ಹತ್ತಿರವೂ ನಾನು ವಸ್ತುಗಳ ಭಾಷೆಯಲ್ಲೇ ಮಾತಾಡಿದ್ದೇನೆ. ಕಲ್ಯಾಣ ಮಂಟಪದ ಹಿಂಭಾಗದಲ್ಲಿರುವ ವಧುವರರ ಸಾಮಾನಿನ ಕೋಣೆಯ ಬೀಗದ ಕೈ ನಿನ್ನ ಬಳಿ ಇರುತ್ತದೆ, ಸಾಮಾನು ನೋಡಿಕೊಳ್ಳುವ ಹೊಣೆಯೂ ನಿನ್ನದೇ. ನೆಂಟರಲ್ಲಿ ಯಾರಾದರೂ ‘ಹುಡುಗಿ ಎಲ್ಲಿ’ ಎಂದು ಕೇಳಿದರೆ ಬಂಗಾರದ ಪೆಟ್ಟಿಗೆ ಕಾಯುತ್ತಿದ್ದಾಳೆಂದು ಹೇಳಬಹುದು, ಅದು ಸುಳ್ಳೂ ಆಗುವುದಿಲ್ಲ. ಅಕ್ಷತೆಗೆ ಐದು ನಿಮಿಷ ಮುಂಚೆ ನಾನೇ ಬಂದು ಕರೆಯುತ್ತೇನೆ. ಬಾಗಿಲ ಪಕ್ಕದಲ್ಲಿ ನಿಂತು ಅಕ್ಷತೆ ಹಾಕು, ಬೇಡವೆನಿಸಿದರೆ ತಕ್ಷಣ ಒಳಗೆ ಹೋಗು. ಜರಿಯಂಚಿನ ರೇಷ್ಮೆಯ ಬದಲು ಅವ್ವ ನಿನಗೆ ಮೆತ್ತನೆಯ ಹತ್ತಿಯ ಇಳಕಲ್ ತೆಗೆದಿಟ್ಟಿದ್ದಾಳೆ, ರವಿಕೆಗೆ ಒಳಗಿನಿಂದ ಹಳೆಯ ಮಲ್ ಬಟ್ಟೆಯ ಲೈನಿಂಗ್ ಕೊಡಿಸಿದ್ದಾಳೆ.

ಮುಂದಿನ ವಾರ ಸೋದರಮಾವ ಕಾರಿನಲ್ಲಿ ಮೈಸೂರಿಗೆ ಬರುತ್ತಾರೆ, ಕೌದಿಯನ್ನು ಅವರ ಕೈಯಲ್ಲಿ ಕಳಿಸುತ್ತೇನೆ. ಅಷ್ಟರೊಳಗೆ ಚೋಕಿನ ವಿಷಯ ಮೇಡಂ ಅವರಿಗೆ ತಿಳಿಸಿ, ಏನಾಯಿತೆಂದು ಬರೆ. ಅವರು ಹಾಕಿಸದಿದ್ದರೆ ಮಾವನ ಜೊತೆ ಒಂದು ಹೊಸ ಚೋಕನ್ನೂ ಕಳಿಸುತ್ತೇನೆ, ಟ್ಯೂಬು 36 ವ್ಯಾಟಿನದೋ 40ರದೋ ಎಂದು ಅದರ ತುದಿಯಲ್ಲಿ ನೋಡಿ ತಿಳಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ